ಫೈಟ್ ಯಾರು ಗೆಲ್ತಾರಂತ ಗೊತ್ತಿದ್ರೂ ರೊಕ್ಕ ಉಳಿಯಂಗಿಲ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರ್‌ನಾಗ ಇಸ್ಪೀಟ್ ಅಡ್ಡೆ ಮ್ಯಾಲೆ ರೇಡ್ ಆದ ಸುದ್ದಿ ಬಂದಿತ್ತು, ಟೇಬಲ್ ಮ್ಯಾಲೆ ನೋಟು ಹರವಿ ಹಿಂದ ಪೊಲೀಸ್ರು ಸಾಲಾಗಿ ನಿಂತ ಫೋಟೋ ಸಮೇತ. ನಾನು ಬಳ್ಳಾರಿಯಾಗ ಒಂದು ಜೀನ್ಸ್ ಯುನಿಟ್‌ನಾಗ ಸೂಪರ್‌ವೈಸರ್ ಅದೀನಿ. ಊಟದ ಟೈಮಿನಾಗ ಆ ಪೇಪರ್ ನಮ್ಮ ಹುಡುಗ್ರ ಕೈಗೆ ಹೋತು, ಫೋಟೋ ನೋಡಿ ಎಲ್ಲಾರೂ ನಕ್ರು. ಯಾಕಲೇ ನಗ್ತೀರಿ ಅಂದ್ರ ಒಬ್ಬ ಹೇಳಿದ, "ಅಣ್ಣ, ಇಷ್ಟು ರೊಕ್ಕ ನಾವು ಭಾನುವಾರ ನಾಷ್ಟಾ ಮುಗಿಯೋದ್ರಾಗ ಹಾಕಿ ಕಳ್ಕೊಂಡಿರ್ತೀವಿ". ಅದಕ್ಕ ಈ ಪತ್ರ.

ಭಾನುವಾರ ಬೆಳಿಗ್ಗೆ ಏನಿರ್ತೈತಿ ಅಂದ್ರ ಯುಎಫ್‌ಸಿ ಇರ್ತೈತ್ರಿ. ಎಂಎಂಎ ಅಂತಾರಲ್ಲ ಅದು, ಎಂಟು ಮೂಲಿ ಪಂಜರದಾಗ ಇಬ್ರನ್ನ ಬಿಟ್ಟು ಗುದ್ದೋದು, ಒದಿಯೋದು, ಕುಸ್ತಿ, ಕುತ್ತಿಗಿ ಬಿಗಿಯೋದು ಎಲ್ಲಾ ಒಂದ್ರಾಗೇ. 1993ರಾಗ ಅಮೆರಿಕದ ಡೆನ್ವರ್ ಊರಾಗ ಶುರು ಆಗಿದ್ದು. ಅವ್ರಿಗೆ ಶನಿವಾರ ರಾತ್ರಿ ನಡಿಯೋ ಫೈಟು ನಮಗ ಒಗ್ಗರಣಿ ಮಿರ್ಚಿ ತಿನ್ನೋ ಹೊತ್ತಿಗೆ ಬರ್ತೈತಿ. ನಾನೂ ನೋಡ್ತೀನಿ, ಸುಳ್ಳು ಯಾಕ ಹೇಳ್ಲಿ. ಸಣ್ಣಾಂವ ಇದ್ದಾಗ ಗರಡಿ ಮನಿಯಾಗ ಮಣ್ಣು ಮೆತ್ಕೊಂಡ್ ಬೆಳದಾಂವ ನಾನು, ರಷ್ಯಾದ ದಾಗೆಸ್ತಾನದಿಂದ ಬಂದ ಖಬೀಬ್ ಕಾಲು ಹಿಡ್ದು ಎತ್ತಿ ಕೆಡವೋದ್ ನೋಡಿದ ಮ್ಯಾಲೆ ಬಿಡಾಕ ಆಗ್ಲಿಲ್ಲ, ಆ ಮನಷ್ಯಾ 29 ಫೈಟ್ ಆಡಿ 29ನ್ನೂ ಗೆದ್ದು 2020ರಾಗ ಸಾಕು ಅಂತ ಎದ್ದು ಹೋದ. ಇದು ರಾಕ್ಷಸರ ಆಟ, ನಮ್ದಲ್ಲ ಅನ್ನೋರಿಗೆ ಒಂದ್ ಮಾತು. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಾಗ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಮಹಾನವಮಿ ಜಟ್ಟಿಗಳ ಬಗ್ಗೆ ಬರ್ದಾನ, ಗುದ್ದಾಟಕ್ಕ ಹಲ್ಲು ಮುರೀತಿದ್ವು, ಕಣ್ಣು ಹೋಗ್ತಿದ್ವು, ಮಾತಾಡಾಕ ಬರ್ದಂಗ ಬಿದ್ದವ್ರನ್ನ ಗೆಳ್ಯಾರು ಹೊತ್ಕೊಂಡ್ ಹೋಗ್ತಿದ್ರು ಅಂತ. ಅದು ಇರ್ಲಿ.

ನಮ್ಮ ಯುನಿಟ್‌ನಾಗ ನಾನೊಂದು ನೋಟ್‌ಬುಕ್ ಇಟ್ಟೀನಿ. ಕಟಿಂಗ್ ಲೆಕ್ಕ ಬರಿಯೋ ಉದ್ದನ್ನ ಪುಸ್ತಕ, ಹಿಂದಿನ ಪುಟದಿಂದ ಶುರು ಮಾಡಿ ಪ್ರತಿ ಭಾನುವಾರದ ಫೈಟು, ಯಾರು ಗೆಲ್ತಾರಂತ ಯಾರ್ ಯಾರು ಹೇಳಿದ್ರು, ಆಮ್ಯಾಲೆ ಗೆದ್ದಾಂವ ಯಾರು, ಅಷ್ಟೇ. ಸೋತಾಂವ ಎಲ್ಲಾರಿಗೂ ಮಿರ್ಚಿ ಕೊಡಿಸ್ಬೇಕು. ಇದರಾಗ ನಾನು ಒಂದೀಟು ಹುಷಾರ್ ಅಂತ ನನಗೇ ಅನಸ್ತಿತ್ತು, ಯಾಕಂದ್ರ ಫೈಟಿನ ಹಿಂದಿನ ದಿನ ತೂಕ ನೋಡೋ ವಿಡಿಯೋ ಬಿಡದಂಗ ನೋಡ್ತೀನಿ. ತೂಕ ಇಳಿಸಾಕ ಮೈಯಾಗಿನ ನೀರೆಲ್ಲ ಬಸ್ದು ಬಂದಿರ್ತಾರ, ತಕ್ಕಡಿ ಹತ್ತೋವಾಗ ಕಾಲು ನಡುಗ್ತೈತೋ ಇಲ್ಲೋ, ತುಟಿ ಎಷ್ಟು ಒಣಗೇತಿ, ಅದ್ರಾಗ ಬಹಳ ಗೊತ್ತಾಗ್ತೈತಿ. ಕುಸ್ತಿಯಾಂವ ಎದುರು ಬಂದಾಗ ಬಾಕ್ಸರ್ ಬೇಲಿಗೆ ಬೆನ್ನು ಕೊಟ್ಟು ನಿಲ್ತಾನೋ ನಡುವ ಉಳ್ಕೊಂತಾನೋ, ಎಡಗೈಯಾಂವನ ಮುಂದ ಇವ್ನ ಹೆಜ್ಜಿ ಯಾವ ಕಡಿ ಹೋಗ್ತೈತಿ, ಹತ್ತು ದಿನದ ನೋಟಿಸ್ ಮ್ಯಾಲೆ ಬದ್ಲಿ ಬಂದಾಂವಗ ಮೂರ್ನೇ ರೌಂಡಿಗೆ ಉಸುರು ಉಳಿದಿರ್ತೈತೋ, ಇಂಥಾದ್ದು.

ಒಂದು ವರ್ಷ ಆದ ಮ್ಯಾಲೆ ಕುಂತು ಎಣಿಸಿದೆ. 60 ಫೈಟಿನಾಗ 37 ನಾ ಹೇಳಿದಂಗ ಆಗಿತ್ತು. ಹುಡುಗ್ರು ಕುಣದ್ರು, ಅಣ್ಣ ನೀ ರೊಕ್ಕ ಹಚ್ಚಿದ್ರ ಈ ಯುನಿಟ್ ನಿಂದೇ ಆಗಿರ್ತಿತ್ತು ಅಂತ. ಆಗ ನಾ ಅವ್ರ ಫೋನಿನಾಗ ಇದ್ದ ರೇಟು ತಗ್ದು ಪಕ್ಕಕ್ಕ ಬರ್ದೆ. ನಾ ಆರಿಸಿದ್ದು ಬಹಳ ಮಟ್ಟಿಗೆ ಎಲ್ಲಾರೂ ಗೆಲ್ತಾನ ಅನ್ನೋ ಕುದುರಿಗಳನ್ನೇ, ಅಂಥಾವ್ರ ಮ್ಯಾಲೆ ಸುಮಾರು ಒಂದೂವರೆ ರೇಟು, ಅಂದ್ರ 100 ಹಚ್ಚಿದ್ರ ನಮ್ಮ ನೂರೂ ಸೇರಿ 150 ಕೊಡ್ತಾರ. ಫೈಟಿಗೆ ನೂರರಂಗ 60 ಫೈಟಿಗೆ 6000 ಹೋತು, ಗೆದ್ದ 37ಕ್ಕ 5550 ಬಂತು. ನಾನೂರಾ ಐವತ್ತು ಲಾಸು! ನೂರಕ್ಕ ಸುಮಾರು ಅರವತ್ತೆರಡು ಸರಿ ಹೇಳಿದಾಂವಗ ಲಾಸು ಆದ್ರ ಇನ್ನು ಅಂದಾಜಿನ ಮ್ಯಾಲೆ ಹಚ್ಚೋ ಹುಡುಗ್ರ ಗತಿ ಏನ್ರಿ. ಆ ರೇಟಿಗೆ ನೂರಕ್ಕ 67 ಗೆದ್ರ ಮಾತ್ರ ಅಸಲಿನ ಮ್ಯಾಲೆ ಏನಾರ ಉಳಿತೈತಿ. ಇನ್ನು ಇಬ್ರೂ ಸಮ ಸಮ ಇರೋ ಫೈಟಿಗೆ ಎರಡೂ ಕಡಿ 1.90 ಇಟ್ಟಿರ್ತಾರ. ನೀವೊಂದು ನೂರು ಈ ಕಡಿ, ನಾನೊಂದು ನೂರು ಆ ಕಡಿ ಇಟ್ರ ಬುಕ್ಕಿ ಇನ್ನೂರು ಇಸ್ಕೊಂಡು 190 ವಾಪಸ್ ಕೊಡ್ತಾನ, ಯಾರು ಗೆದ್ರೂ ಅವಗೇನು. ಅಡ್ಡೆ ನಡಸೋರು ಆಟದ ಮ್ಯಾಲೆ ನಾಳ ಅಂತ ತಮ್ಮ ಪಾಲು ಹಿಡ್ಕೊಂತಾರಲ್ಲ, ಅದೇ ಇದು, ಟೇಬಲ್ಲಿಗೆ ಬದ್ಲಿ ಫೋನ್ ಐತಿ ಅಷ್ಟೇ. ಕಾಂಬೋ ಅಂತ ಇನ್ನೊಂದ್ ಐತಿ, ನಾಕು ಫೈಟ್ ಸೇರ್ಸಿ ಹಚ್ಚೋದು, ನಾಕೂ ಗೆಲ್ಬೇಕು. ಒಬ್ಬೊಬ್ಬಗೂ ನೂರಕ್ಕ 70 ಚಾನ್ಸ್ ಐತಿ ಅನ್ರಿ, ನಾಕೂ ಗೆಲ್ಲೋ ಚಾನ್ಸು 24. ಇದನ್ನ ಕ್ಯಾಲ್ಕುಲೇಟರ್ ಒತ್ತಿ ತೋರಿಸ್ದಾಗ ನಮ್ಮ ಹುಡುಗ್ರು ಕ್ಯಾಲ್ಕುಲೇಟರ್ ಕೆಟ್ಟೈತಿ ಅಂದ್ರು.

ಮತ್ತ ಈ ಆಟ ಕ್ರಿಕೆಟ್ ಅಲ್ರಿ, ಇಪ್ಪತ್ತು ಓವರ್ ಇರ್ತಾವ, ಒಬ್ಬ ಔಟಾದ್ರ ಇನ್ನೊಬ್ಬ ಬರ್ತಾನ ಅನ್ನಂಗಿಲ್ಲ. ಕೈಗೆ ತೆಳ್ಳನ್ನ ಗ್ಲೌಸು, ಒಂದು ಏಟು ಸಿಕ್ಕರ ಮುಗೀತು. 2022ರ ಆಗಸ್ಟಿನಾಗ ಚಾಂಪಿಯನ್ ಕಮಾರು ಉಸ್ಮಾನ್ ಮತ್ತ ಲಿಯಾನ್ ಎಡ್ವರ್ಡ್ಸ್ ಫೈಟು ನಾವೆಲ್ಲಾ ಕುಂತು ನೋಡಿದ್ವಿ, ನಾಕು ರೌಂಡ್ ಮುಗಿಯೋ ಹೊತ್ತಿಗೆ ಮೂರೂ ಜಡ್ಜ್‌ಗಳ ಲೆಕ್ಕದಾಗ ಉಸ್ಮಾನ್ ಮುಂದ ಇದ್ದ, ಐದ್ನೇ ರೌಂಡಿನಾಗ 56 ಸೆಕೆಂಡ್ ಬಾಕಿ ಇತ್ತು, ನಮ್ಮಲ್ಲಿ ಒಬ್ಬ ಗೆದ್ದೆ ಅಂತ ಆಗ್ಲೇ ಕೈ ತೊಳ್ಯಾಕ ಎದ್ದಿದ್ದ, ವಾಪಸ್ ಬರೋದ್ರಾಗ ಉಸ್ಮಾನ್ ಮೈ ಚೆಲ್ಲಿ ಮಕ್ಕೊಂಡಿದ್ದ, ತಲಿಗೆ ಒಂದೇ ಒಂದು ಒದಿಕಿ. ಅದಕ್ಕೂ ಮೊದ್ಲು 2007ರಾಗ ಮ್ಯಾಟ್ ಸೆರ್ರಾ ಚಾಂಪಿಯನ್ ಸೇಂಟ್ ಪಿಯರ್‌ನ ಕೆಡವಿದ್ದು, 2021ರ ಡಿಸೆಂಬರ್‌ನಾಗ ಜೂಲಿಯಾನಾ ಪೆನ್ಯಾ ಅನ್ನೋ ಹೆಣ್ಮಗಳು ಚಾಂಪಿಯನ್ ಅಮಾಂಡಾ ನೂನೆಸ್‌ನ ಕುತ್ತಿಗಿ ಬಿಗಿದು ಸೋಲಿಸಿದ್ದು, ಇವೆಲ್ಲಾ ರೇಟಿನ ಪ್ರಕಾರ ಆಗಬಾರದ್ದೇ. ನಮ್ಮ ದೇಶದಾಂವ ಅಂತ ಅಭಿಮಾನಕ್ಕ ಹಚ್ಚೋರ ಕತಿ ಇನ್ನೂ ಬ್ಯಾರೆ. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರ ಅಕ್ಟೋಬರ್ ತಂಕ ಸೋಲೇ ಕಂಡಿರ್ಲಿಲ್ಲ, ಅಬುಧಾಬಿಯಾಗ ಚೆನ್ನಾಗೇ ಆಡ್ತಿದ್ದ, ಮೂರ್ನೇ ರೌಂಡಿನಾಗ ಒಂದು ಏಟು ತಿಂದು ಬಿದ್ದ. ಮುಂದ 2025ರ ಫೆಬ್ರವರಿಯಾಗ ಸಿಡ್ನಿಯಾಗ 19 ಸೆಕೆಂಡಿಗೇ ಮುಗೀತು, ಅವತ್ತು ನಮ್ಮ ಹುಡುಗ್ರು ಮಿರ್ಚಿ ಬಾಯಿಗಿಟ್ಕೊಂಡಿದ್ರು, ಅಗದು ನುಂಗೋದ್ರಾಗ ಎರಡು ಸಾವಿರ ಹೋಗಿತ್ತು. ಪೂಜಾ ತೋಮರ್ 2024ರಾಗ ಯುಎಫ್‌ಸಿಯಾಗ ಗೆದ್ದ ಮೊದಲ್ನೇ ಭಾರತದ ಹೆಣ್ಮಗಳು ಆದ್ಲು, ಬಹಳ ಖುಷಿ ಆತು, ಆದ್ರ ಅದ್ರಾಗೂ ಇಬ್ರು ಜಡ್ಜು ಈಕಿಗೆ ಕೊಟ್ರ ಒಬ್ಬ ಎದುರಿನಾಕಿಗೆ ಕೊಟ್ಟಿದ್ದ. ಪಂಜರದ ಪಕ್ಕದಾಗ ಕುಂತು ಹದಿನೈದು ನಿಮಿಷ ಕಣ್ಣಾರೆ ನೋಡಿದವ್ರಿಗೇ ಒಮ್ಮತ ಇಲ್ಲ.

ಇದಕ್ಕಿಂತ ದೊಡ್ಡದು ಒಳಗಿನ ಸುದ್ದಿ. 2022ರ ನವೆಂಬರ್‌ನಾಗ ಡ್ಯಾರಿಕ್ ಮಿನ್ನರ್ ಅನ್ನಾಂವನ ಫೈಟು ಇತ್ತು, ಶುರು ಆಗೋ ಮೊದ್ಲು ಕೆಲವೇ ತಾಸಿನಾಗ ಎದುರಾಳಿ ಮೊದಲ್ನೇ ರೌಂಡಿನಾಗೇ ಗೆಲ್ತಾನ ಅಂತ ರೊಕ್ಕ ಸುರದ್ರು, ಹಂಗೇ ಒಂದು ನಿಮಿಷದ ಮ್ಯಾಲೆ ಸ್ವಲ್ಪ ಹೊತ್ತಿನಾಗ ಮುಗೀತು, ನೋಡಿದ್ರ ಮಿನ್ನರ್‌ನ ಕಾಲು ಮೊದ್ಲೇ ಪೆಟ್ಟಾಗಿತ್ತು. ಯುಎಫ್‌ಸಿಯವ್ರು ಅವ್ನ ಬಿಡಿಸಿದ್ರು, ಅವ್ನ ಕೋಚ್ ಕೈಕೆಳಗ ಇರೋ ಯಾರನ್ನೂ ಆಡ್ಸಂಗಿಲ್ಲ ಅಂದ್ರು. ಕಾಲು ನೋಯ್ತೈತಿ ಅಂತ ಅಮೆರಿಕದ ಜಿಮ್ಮಿನಾಗ ಇರೋರಿಗೆ ಗೊತ್ತಾಗ್ತೈತಿ, ನಮ್ಮೂರ ಕೌಲ್ ಬಜಾರ್‌ನಾಗ ಕುಂತು ಗುಂಡಿ ಹಾಕೋ ಹುಡುಗಗ ಹೆಂಗ್ ಗೊತ್ತಾಗ್ಬೇಕು.

ಗೊತ್ತೈತಿ ಅನ್ನೋರು ಟೆಲಿಗ್ರಾಂನಾಗ ಅದಾರ್ರಿ. ಇಲ್ಲಿಂದ ನಮ್ಮನಿ ವಿಷಯ. ನಮ್ಮಕ್ಕನ ಮಗ ನಮ್ಮಲ್ಲೇ ಮಷಿನ್ ಹೊಡಿತಾನ, 22 ವಯಸ್ಸು, ಪೀಸ್ ಲೆಕ್ಕದ ಕೂಲಿ. ಒಂದಿನ ಯಾರು ಗೆಲ್ತಾರಂತ ಹೇಳೋ ಟಿಪ್ಪಿಗೆ ಅಂತ ಟೆಲಿಗ್ರಾಂ ಗ್ರೂಪಿಗೆ 500 ಕಟ್ಟಿದ, ಬಂದ ಮೆಸೇಜು: "ಫಿಕ್ಸ್ ಮ್ಯಾಚ್ 100 ಪರ್ಸೆಂಟ್ ಗ್ಯಾರೆಂಟ". ಗ್ಯಾರಂಟಿಗೆ ಕೊನಿಯ ಅಕ್ಷರದಾಗ ಗುಡಿಸು ಇಲ್ಲ. ಕೆಂಪು ಚಡ್ಡಿಯಾಂವ ಗೆಲ್ತಾನ ಅಂತ. ಅವ್ನ ಎಡಕ್ಕ ಕುಂತು ಜಿಪ್ ಹಚ್ಚೋ ಹುಡುಗನೂ ಬ್ಯಾರೆ ಹೆಸರಿನ ಗ್ರೂಪಿಗೆ 500 ಕಟ್ಟಿದ್ದ, ಅವಗೂ ಅದೇ ಮೆಸೇಜು, ಅದೇ "ಗ್ಯಾರೆಂಟ", ಆದ್ರ ನೀಲಿ ಚಡ್ಡಿಯಾಂವ. ಇಬ್ರ ಮಷಿನ್ ನಡುವ ಒಂದು ಮೊಳ ಜಾಗ ಇಲ್ಲ, ಆದ್ರ ಸೀಕ್ರೆಟ್ ಟಿಪ್ ಅಲ್ಲೇನ್ರಿ, ಒಬ್ಬರಿಗೊಬ್ರು ತೋರಿಸಿರ್ಲಿಲ್ಲ. ತಲಾ ಸಾವಿರ ಹಚ್ಚಿದ್ರು. ಸಮ ಫೈಟು, 1.90 ರೇಟು. ಇಬ್ರೂ ಸೇರಿ ಮೂರು ಸಾವಿರ ಹೋತು, 1900 ಬಂತು. ಗೆದ್ದಾಂವಗ ಟಿಪ್ಪಿನ ಖರ್ಚು ಕಳದು ನಾನೂರು ಉಳೀತು, ಅವ ಆ ಗ್ರೂಪಿನಾಂವನ್ನ ದೇವರು ಅಂದ. ಸೋತಾಂವ ನನ್ನ ಅಳಿಯಾನೇ, 1500 ಕಳ್ಕೊಂಡು ನನಗ ತೋರಿಸಿದ್ಮ್ಯಾಲೆ ಎರಡು ಫೋನೂ ಇಸ್ತ್ರಿ ಟೇಬಲ್ ಮ್ಯಾಲೆ ಜೋಡಿಸಿ ಇಟ್ವಿ. ಅವತ್ತು ಒಂದು ತಾಸು ಕೆಲಸ ಆಗ್ಲಿಲ್ಲ.

ಅಷ್ಟಕ್ಕ ನಿಂತಿದ್ರ ಈ ಪತ್ರ ಬರಿತಿರ್ಲಿಲ್ಲ. ಹೋದದ್ದು ವಾಪಸ್ ತಗೀತೀನಿ ಅಂತ ಚೀಟಿ ಎತ್ತಿದ 40 ಸಾವಿರ ಒಂದು ಬೆಟ್ಟಿಂಗ್ ಐಡಿಗೆ, ಅಂದ್ರ ಅವ್ರು ಕೊಟ್ಟ ಅಕೌಂಟಿಗೆ ಹಾಕ್ದ. ಪ್ರತಿ ಸಲ ರೊಕ್ಕ ಕಳಿಸೋ ಹೆಸರು ಬ್ಯಾರೆ ಬ್ಯಾರೆ, ಒಮ್ಮೆ ಕಿರಾಣಿ ಅಂಗಡಿ, ಒಮ್ಮೆ ಯಾವ್ದೋ ಹೆಣ್ಮಗಳ ಹೆಸರು. ಒಂದ್ಸಲ ಗೆದ್ದು ಅಕೌಂಟಿನಾಗ 61 ಸಾವಿರ ತೋರಿಸ್ತು, ತಗಿಯಾಕ ಹೋದ್ರ ಮೊದ್ಲು ಟ್ಯಾಕ್ಸ್ 12 ಸಾವಿರ ಕಟ್ಟು ಅಂದ್ರು, ಕಟ್ಟಿದ, ಆಮ್ಯಾಲೆ ಐಡಿನೇ ಬಂದ್. ನಾವು ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡೋದ್ರಾಗ ಐದು ದಿನ ಆಗಿತ್ತು, ರೊಕ್ಕ ಹೋದ ತಾಸಿನಾಗೇ ಮಾಡ್ಬೇಕಿತ್ತಂತ. ಅದ್ರ ಮ್ಯಾಲೆ ಅದೇ ಗ್ರೂಪಿನಾಂವ ಕೇಳ್ತಾನ, ನಿನ್ನ ಬ್ಯಾಂಕ್ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಬಾಡಿಗಿಗೆ ಕೊಡು, ತಿಂಗಳಿಗೆ ಮೂರು ಸಾವಿರ ಅಂತ. ಆಗ ಗೊತ್ತಾತು ಆ ಕಿರಾಣಿ ಅಂಗಡಿ, ಆ ಹೆಣ್ಮಗಳು ಎಲ್ಲಿಂದ ಬಂದ್ರು ಅಂತ. ಅವ್ರೂ ನಮ್ಮಂಥವ್ರೇ. ನಾಳೆ ಪೊಲೀಸ್ರು ಬಂದ್ರ ಅವ್ರ ಮನಿಗೇ ಬರ್ತಾರ.

ಕಾನೂನು ಇಲ್ಲ ಅನ್ನಂಗಿಲ್ಲ. ನಮ್ಮ ರಾಜ್ಯದಾಂವ್ರು 2021ರಾಗ ಆನ್‌ಲೈನ್ ಜೂಜಿಗೆ ಕಾಯ್ದೆ ತಂದ್ರು, 2022ರಾಗ ಹೈಕೋರ್ಟು ತಗ್ದ್ ಹಾಕ್ತು. 2025ರ ಆಗಸ್ಟಿನಾಗ ಪಾರ್ಲಿಮೆಂಟು ಪಾಸ್ ಮಾಡಿದ ಕಾಯ್ದೆ ಪ್ರಕಾರ ರೊಕ್ಕದ ಆಟ ನಡಸೋರಿಗೆ ಮೂರು ವರ್ಷದ ತಂಕ ಜೈಲು, ಇಲ್ಲಾ ಒಂದು ಕೋಟಿ ತಂಕ ದಂಡ, ಇಲ್ಲಾ ಎರಡೂ, ಜಾಹೀರಾತು ಕೊಟ್ರೂ ಶಿಕ್ಷೆ ಐತಿ. ಟಿವಿಯಾಗ ಬರ್ತಿದ್ದ ದೊಡ್ಡ ದೊಡ್ಡ ಆಪ್‌ಗಳು ಅಂಗಡಿ ಮುಚ್ಚಿದ್ವು, ಒಳ್ಳೇದು. ಆದ್ರ ಟೆಲಿಗ್ರಾಂನಾಂವಗ ಅಂಗಡೀನೇ ಇಲ್ಲಲ್ರಿ ಮುಚ್ಚಾಕ.

ಅದಕ್ಕ ಸಂಪಾದಕರೇ ನಿಮ್ಮ ಹತ್ರ ಕೇಳೋದು ಏನಂದ್ರ, ರೇಡಿನ ಫೋಟೋ ಹಾಕ್ರಿ ಬ್ಯಾಡ ಅನ್ನಂಗಿಲ್ಲ, ಅದ್ರ ಪಕ್ಕದಾಗ ಆ ಒಂದೂವರೆ ರೇಟಿನ ಲೆಕ್ಕ ದೊಡ್ಡ ಅಕ್ಷರದಾಗ ಹಾಕ್ರಿ, 1930 ನಂಬರ್ ಹಾಕ್ರಿ, ಅಕೌಂಟ್ ಬಾಡಿಗಿ ಕೊಟ್ರ ಏನಾಗ್ತೈತಿ ಅಂತ ಒಬ್ಬ ವಕೀಲರ ಕಡಿ ಬರಸ್ರಿ. ಭಾರತದ ಹುಡುಗ್ರು ಹುಡ್ಗೀರು ಪಂಜರದಾಗ ಗೆದ್ದಾಗ ಆಟದ ಪುಟದಾಗ ನಾಕು ಸಾಲು ಬರೀರಿ, ಸುದ್ದಿ ನಿಮ್ಮಲ್ಲಿ ಸಿಗದಕ್ಕೇ ಹುಡುಗ್ರು ಆ ಗ್ರೂಪಿಗೆ ಹೋಗೋದು. ಇನ್ನೊಂದು, ಸಿಟ್ಟಾಗಬ್ಯಾಡ್ರಿ, ನಿಮ್ಮ ದಿನ ಭವಿಷ್ಯದಾಗ ಅದೃಷ್ಟ ಸಂಖ್ಯೆ ಅಂತ ಬರ್ತೈತಲ್ಲ, ನಮ್ಮ ಓಣಿಯಾಗ ಅದನ್ನ ನೋಡೇ ಓಸಿ ಬರಸೋರು ಅದಾರ, ಅದನ್ನಾರ ತಗೀರಿ.

ನನ್ನ ಅಳಿಯ ಎಲ್ಲಾ ಗ್ರೂಪಿನಿಂದ ಹೊರಗ ಬಂದಾನ, ತಿಂಗಳಿಗೆ 2500ರಂಗ ಚೀಟಿ ಕಟ್ಟಾಕತ್ಯಾನ. ಈ ಪತ್ರ ಬರಿಯೋ ಮುಂಚೆ ಅವ್ನ ಫೋನಿಗೆ ಇನ್ನೊಂದು ಬಂತು, ಹೊಸ ಹೆಸರು, ಹೊಸ ನಂಬರು, ಬರೋ ಭಾನುವಾರದ ಫೈಟಿಗೆ ಫಿಕ್ಸ್ ಟಿಪ್ಪು, ಅದೇ "ಗ್ಯಾರೆಂಟ". ಅದ್ರ ಫೋಟೋ ಜೊತಿಗೆ ಕಳ್ಸೀನಿ, ಬೇಕಾದ್ರ ಅಚ್ಚು ಹಾಕ್ಕೋರಿ.

ಇಂತಿ,
ಜೀನ್ಸ್ ಯುನಿಟ್ಟಿನ ಒಬ್ಬ ಓದುಗ, ಬಳ್ಳಾರಿ