ಮಿದುಳಿಗೆ ಹಾನಿಯಾದ ಮೇಲೆ ದಾಖಲೆ ಬಚ್ಚಿಡಬೇಡಿ

ಮಾನ್ಯ ಸಂಪಾದಕರೇ,

ಹೆರಿಗೆಯ ವೇಳೆ ಮಗುವಿಗೆ, ಶಸ್ತ್ರಚಿಕಿತ್ಸೆಯ ನಡುವೆ ರೋಗಿಗೆ ಆಮ್ಲಜನಕ ಸಿಗದೆ ಮಿದುಳಿಗೆ ಹಾನಿಯಾಯಿತು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಮನೆಯವರ ಆಕ್ರೋಶ, ಆಸ್ಪತ್ರೆಯ ಸ್ಪಷ್ಟನೆ, ಅಲ್ಲಿಗೆ ಸುದ್ದಿ ಮುಗಿಯುತ್ತದೆ. ನಂತರ ಅವರು ನನ್ನಂಥವರ ಬಳಿ ಬರುತ್ತಾರೆ. ಮಾತು ಮತ್ತು ನುಂಗುವಿಕೆಯ ಚಿಕಿತ್ಸೆ ನನ್ನ ಕೆಲಸ. ಬಂದವರ ಕೈಯಲ್ಲಿ ಹೆಚ್ಚಾಗಿ ಇರುವುದು ಒಂದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಅದರಲ್ಲಿ ರೋಗದ ಹೆಸರಿರುತ್ತದೆ, ಏನಾಯಿತು ಎಂಬುದು ಇರುವುದಿಲ್ಲ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ರಕ್ತಸಂಚಾರ ಪೂರ್ತಿ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಅದರ ಜೀವಕೋಶಗಳು ಸಾಯತೊಡಗುತ್ತವೆ. ಬೇಗ ಪೆಟ್ಟು ತಿನ್ನುವ ಭಾಗಗಳಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಒಂದು. ನಡೆದಾಡುವಷ್ಟು ಚೇತರಿಸಿಕೊಂಡವರೂ ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವುದು ಇದರಿಂದಲೇ. ನೋಡಿದವರು ‘ಚೆನ್ನಾಗಿದ್ದಾರಲ್ಲ’ ಎಂದು ಹೇಳಿ ಹೋಗುತ್ತಾರೆ. ಜೊತೆಗಿರುವವರಿಗೆ ಅದಕ್ಕಿಂತ ನೋಯಿಸುವ ಮಾತಿಲ್ಲ.

ಹಾನಿ ನಿಮಿಷಗಳ ಲೆಕ್ಕದಲ್ಲಿ ಆಗುವುದರಿಂದ ನ್ಯಾಯವೂ ನಿಮಿಷಗಳ ಲೆಕ್ಕವನ್ನೇ ಕೇಳುತ್ತದೆ. ಗರ್ಭದಲ್ಲಿನ ಮಗುವಿನ ಹೃದಯಬಡಿತ ಯಾವಾಗ ಕುಸಿಯಿತು? ವೈದ್ಯರನ್ನು ಕರೆದದ್ದು ಎಷ್ಟು ಹೊತ್ತಿಗೆ? ಮಗು ಹೊರಬಂದದ್ದು ಯಾವಾಗ? ಆಮ್ಲಜನಕದ ಕೊರತೆಯಾಗಿತ್ತೇ ಎಂದು ತಿಳಿಯಲು ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರೇ? ತೀವ್ರ ಹಾನಿಯ ಲಕ್ಷಣವಿರುವ ನವಜಾತ ಶಿಶುವಿನ ಮೈಯನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆಯನ್ನು ಹುಟ್ಟಿದ 6 ಗಂಟೆಯೊಳಗೆ ಆರಂಭಿಸಬೇಕು. ಅದನ್ನು ಯಾರಾದರೂ ಯೋಚಿಸಿದರೇ? ಅರಿವಳಿಕೆ ಕೊಟ್ಟಿದ್ದರೆ, ಆಮ್ಲಜನಕದ ಮಟ್ಟ ಇಳಿದಾಗ ಉಸಿರಾಟಕ್ಕೆಂದು ಹಾಕಿದ ಕೊಳವೆ ಸರಿಯಾದ ಜಾಗದಲ್ಲಿತ್ತೇ? ಇವುಗಳಿಗೆ ಉತ್ತರ ಇರಬೇಕಾದದ್ದು ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ ಮತ್ತು ಯಂತ್ರಗಳ ದಾಖಲೆಯಲ್ಲಿ. ದಿನ ಕಳೆದಂತೆ ಇವು ಕಳೆದುಹೋಗುತ್ತವೆ, ಕೆಲವೊಮ್ಮೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ಮನೆಯವರು ತಡಮಾಡದೆ ಪೂರ್ತಿ ದಾಖಲೆಯ ಪ್ರತಿಗಾಗಿ ಬರವಣಿಗೆಯಲ್ಲೇ ಅರ್ಜಿ ಕೊಡಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು.

ಇಂಥ ಹಾನಿಯೆಲ್ಲವೂ ನಿರ್ಲಕ್ಷ್ಯದಿಂದ ಆದದ್ದಲ್ಲ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಯ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇರುವ ಹಲವು ಮಕ್ಕಳಲ್ಲಿ ಕಾರಣ ಹೆರಿಗೆಗೂ ಮುಂಚಿನದು. ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಹೃದಯ ನಿಲ್ಲಬಹುದು. ವೈದ್ಯರು ತಪ್ಪಿದರು ಎಂದಷ್ಟೇ ತೋರಿಸಿದರೆ ದಾವೆ ಗೆಲ್ಲಲಾಗದು, ಆ ತಪ್ಪಿನಿಂದಲೇ ಈ ಹಾನಿಯಾಯಿತು ಎಂದೂ ಸಾಬೀತಾಗಬೇಕು. ಕಷ್ಟದ ಭಾಗ ಇದೇ. ಹಾಗಾಗಿ ವೈದ್ಯಕೀಯ ಪ್ರಕರಣ ನಡೆಸಿದ ಅನುಭವವಿರುವ ವಕೀಲರು ಬೇಕು, ಆ ಆಸ್ಪತ್ರೆಗೆ ಸಂಬಂಧಿಸದ ತಜ್ಞ ವೈದ್ಯರ ಅಭಿಪ್ರಾಯವೂ ಬೇಕು. ದಾಖಲೆ ಓದಿದ ಪ್ರಾಮಾಣಿಕ ವಕೀಲರು ‘ಇಲ್ಲಿ ಪ್ರಕರಣವಿಲ್ಲ’ ಎನ್ನಲೂಬಹುದು. ಆ ಉತ್ತರಕ್ಕೂ ಬೆಲೆಯಿದೆ, ಏನಾಯಿತು ಎಂಬುದಾದರೂ ಮನೆಯವರಿಗೆ ತಿಳಿಯುತ್ತದೆ. ಬಸುರಿಯಾಗಿದ್ದಾಗ ತಾನೇ ಏನೋ ತಪ್ಪು ಮಾಡಿದೆ ಎಂದು ವರ್ಷಗಟ್ಟಲೆ ಕೊರಗುವ ತಾಯಂದಿರನ್ನು ನಾನು ನೋಡುತ್ತಲೇ ಇದ್ದೇನೆ.

ಆರಂಭದಲ್ಲೇ ಒಂದಿಷ್ಟು ಹಣ ಕೊಟ್ಟು ರಾಜಿಪತ್ರಕ್ಕೆ ಸಹಿ ಕೇಳಿದರೆ, ವಕೀಲರಿಗೆ ತೋರಿಸದೆ ಖಂಡಿತ ಸಹಿ ಹಾಕಬೇಡಿ. ಎಳೆಗೂಸಿಗೆ ಆದ ಹಾನಿಯ ಪೂರ್ತಿ ಪ್ರಮಾಣ ಅದು ಕೂರುವ, ನಡೆಯುವ, ಮಾತಾಡುವ ವಯಸ್ಸಿಗೆ ಬಂದಾಗಲಷ್ಟೇ ತಿಳಿಯುತ್ತದೆ. ಪರಿಹಾರದ ಹಣ ಆಹಾರದ ಕೊಳವೆಗೆ, ಗಾಲಿಕುರ್ಚಿಗೆ, ನಿತ್ಯದ ಚಿಕಿತ್ಸೆಗೆ, ಕೆಲಸ ಬಿಟ್ಟು ಮನೆಯಲ್ಲಿ ಕೂತವರ ಹೊಟ್ಟೆಪಾಡಿಗೆ ಆಗಬೇಕು. ಅದೂ ಒಂದು ಜೀವಮಾನಕ್ಕೆ. ಆದರೆ ದಾವೆ ಹೂಡಲು ಕಾಲಮಿತಿಯಿದೆ, ಅದು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಮಗು ಬೆಳೆಯಲಿ, ನೋಡೋಣ ಎಂದು ಕಾಯುವವರು ಆ ಮಿತಿ ಯಾವುದೆಂದು ಮೊದಲೇ ಕೇಳಿ ತಿಳಿದಿರಬೇಕು.

ಆಸ್ಪತ್ರೆಗಳು ‘ಯಾಕೆ ಬೇಕು’ ಎಂದು ಪ್ರಶ್ನಿಸದೆ ಪೂರ್ತಿ ದಾಖಲೆ ಕೊಡಬೇಕು. ತಮ್ಮ ಪತ್ರಿಕೆಗೂ ಒಂದು ವಿನಂತಿ: ಇಂಥ ಸುದ್ದಿ ಪ್ರಕಟಿಸುವಾಗ, ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆ, ದಾಖಲೆಗಳಿಗೆ ಯಾರಲ್ಲಿ ಅರ್ಜಿ ಕೊಡಬೇಕು ಎಂಬ ಮಾಹಿತಿಯನ್ನೂ ಜೊತೆಗೇ ಕೊಡಿ.

– ವಾಕ್ ಚಿಕಿತ್ಸಕಿ