ಶನಿವಾರದ ಚರ್ಚೆ: ವೆರ್ಪಾಕೊವ್‌ಸ್ಕಿಸ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 9 ಗಂಟೆಗೆ ಗುಂಪಿನಲ್ಲಿ ಲಾಟ್ವಿಯಾದ ಫುಟ್‌ಬಾಲ್ ಫಾರ್ವರ್ಡ್ ಮಾರಿಸ್ ವೆರ್ಪಾಕೊವ್‌ಸ್ಕಿಸ್ ಬಗ್ಗೆ ಮಾತಾಡೋಣ. ದೊಡ್ಡ ಕ್ಲಬ್ಬುಗಳ ತಾರೆಯರ ಬಗ್ಗೆಯೇ ಎಷ್ಟು ಅಂತ ಮಾತಾಡುವುದು!

ಹುಟ್ಟಿದ್ದು 1979ರಲ್ಲಿ, ಲಿಯೆಪಾಯಾ ಎಂಬ ಬಂದರು ಊರಿನಲ್ಲಿ. ಹೆಸರು ಮಾಡಿದ್ದು ಸ್ಕೊಂಟೊ ರೀಗಾ ಕ್ಲಬ್ಬಿನಲ್ಲಿ. 2003ರ ಅಕ್ಟೋಬರಿನಲ್ಲಿ, ಯೂರೋ ಕಪ್ (ಯೂರೋಪಿನ ದೇಶಗಳ ಟೂರ್ನಿ) ಅರ್ಹತಾ ಪಂದ್ಯದಲ್ಲಿ, ಸ್ವೀಡನ್ನನ್ನು ಅವರ ನೆಲದಲ್ಲೇ 1-0ಯಿಂದ ಸೋಲಿಸಿದ ಗೋಲು ಇವರದು. ಮುಂದಿನ ತಿಂಗಳು, ಅರ್ಹತೆಯ ಕೊನೆಯ ಹಂತವಾದ ಎರಡು ಪಂದ್ಯಗಳ ಪ್ಲೇಆಫ್‌ನಲ್ಲಿ ಎದುರಾಳಿ ಟರ್ಕಿ, 2002ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆದಿದ್ದ ತಂಡ. ರೀಗಾದಲ್ಲಿ 1-0, ಗೋಲು ಇವರದೇ. ಇಸ್ತಾಂಬುಲ್‌ನಲ್ಲಿ 0-2 ಹಿಂದೆ ಬಿದ್ದಾಗ ಮೊದಲು ಸಹ ಆಟಗಾರ ಲೈಜಾನ್ಸ್, ಆಮೇಲೆ ಇವರು ಗೋಲು ಹೊಡೆದು ಪಂದ್ಯ 2-2 ಆಯಿತು. ಎರಡೂ ಪಂದ್ಯ ಸೇರಿ 3-2ರಿಂದ ಗೆದ್ದು, ಸುಮಾರು 23 ಲಕ್ಷ ಜನರ ದೇಶ ಯೂರೋ ಕಪ್ಪಿಗೆ ಹೋಯಿತು! ನನಗಂತೂ ಇಡೀ ಕಥೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ಯೂರೋ 2004ರಲ್ಲಿ ಜೆಕ್ ತಂಡದ ವಿರುದ್ಧ ಮೊದಲ ಗೋಲು ಇವರದೇ, ಆದರೆ ಪಂದ್ಯ 1-2ರಲ್ಲಿ ಕೈತಪ್ಪಿತು. ಜರ್ಮನಿ ಜೊತೆ 0-0.

ಕ್ಲಬ್ ಜೀವನ ಅಷ್ಟು ಬೆಳಗಲಿಲ್ಲ. ಡೈನಮೊ ಕೀವ್‌ಗೆ ಹೋದರು, ಆಮೇಲೆ ಗೆಟಾಫೆ, ಹೈದುಕ್ ಸ್ಪ್ಲಿಟ್, ಸೆಲ್ಟಾ ವಿಗೊ, ಗ್ರೀಸಿನ ಎರ್ಗೊಟೆಲಿಸ್ ಹೀಗೆ ಊರೂರು. ದೇಶಕ್ಕಾಗಿ ಮಾತ್ರ 29 ಗೋಲು, ಲಾಟ್ವಿಯಾದ ದಾಖಲೆ.

ಬರುವ ಮೊದಲು ಇಸ್ತಾಂಬುಲ್ ಪಂದ್ಯದ ಮುಖ್ಯಾಂಶಗಳನ್ನು ದಯವಿಟ್ಟು ಎಲ್ಲರೂ ನೋಡಿ. ಕೊಂಡಿ ಸಿಕ್ಕವರು ಇಲ್ಲೇ ಹಾಕಿ.