ಅಡಿಕೆ ಧಾರಣೆ ಪಕ್ಕದಲ್ಲಿ ಅದಾಲತ್ ತಾರೀಖೂ ಇರಲಿ

ಮಾನ್ಯ ಸಂಪಾದಕರೇ,

2022ರ ನವೆಂಬರ್‌ನಲ್ಲಿ ನಾವಿಬ್ಬರೂ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಆಗ ಚುನಾವಣೆ. ಅಳಿಯ ಅಲ್ಲಿಯ ಪೌರತ್ವ ಪಡೆದವರು. ಮತಪತ್ರದ ಮಾದರಿಯನ್ನು ಊಟದ ಮೇಜಿನ ಮೇಲೆ ಹರಡಿ ತೋರಿಸಿದರು. ಗವರ್ನರ್, ಜಿಲ್ಲಾ ಜಡ್ಜ್, ಕೌಂಟಿ ಕೋರ್ಟಿನ ಜಡ್ಜ್, ಕೊನೆಗೆ ಹೋಬಳಿಯಂಥ ಒಂದು ಭಾಗಕ್ಕೆ 'ಜಸ್ಟಿಸ್ ಆಫ್ ದಿ ಪೀಸ್', ಅಂದರೆ ಸಣ್ಣ ಕೇಸುಗಳ ಜಡ್ಜ್. ಹೆಸರಿನ ಪಕ್ಕ ಪಕ್ಷವೂ ಇತ್ತು. ಗೆದ್ದರೆ ನಾಲ್ಕು ವರ್ಷ.

ನನಗಂತೂ ಇದು ಹಿಡಿಸಲಿಲ್ಲ. ಅಲ್ಲಿ ಪ್ರಚಾರಕ್ಕೆ ವಕೀಲರೂ ದುಡ್ಡು ಕೊಡುತ್ತಾರೆ. ನಾಳೆ ಅದೇ ವಕೀಲರು ಆ ಜಡ್ಜ್ ಮುಂದೆ ವಾದ ಮಾಡಬೇಕು ಅಲ್ವಾ? ನಮ್ಮಲ್ಲಿ ಪರೀಕ್ಷೆ ಬರೆದು ಸಿವಿಲ್ ಜಡ್ಜ್ ಆಗುತ್ತಾರೆ. ಅದೇ ಸರಿ.

ಆದರೆ ಒಂದು ವಿಷಯಕ್ಕೆ ಹೊಟ್ಟೆ ಉರಿಯಿತು. ಆ 'ಜಸ್ಟಿಸ್ ಆಫ್ ದಿ ಪೀಸ್' ಕೋರ್ಟಿನಲ್ಲಿ ಏನಾಗುತ್ತದೆ ಅನ್ನುವುದು ಅಳಿಯನಿಗೆ ಬಾಯಿಪಾಠ. 20,000 ಡಾಲರ್‌ವರೆಗಿನ ಹಣದ ತಕರಾರು, ಬಾಡಿಗೆ ಮನೆ ಬಿಡಿಸುವ ಕೇಸು, ಸಣ್ಣ ದಂಡ. ವಕೀಲರಿಲ್ಲದೆ ನಾವೇ ಹೋಗಿ ಹೇಳಿಕೊಳ್ಳಬಹುದಂತೆ. ಓಟು ಹಾಕಬೇಕಲ್ಲ, ಅದಕ್ಕೇ ತಿಳಿದುಕೊಂಡಿದ್ದರು.

ನನಗೆ ಅಷ್ಟು ತಿಳಿದಿದ್ದರೆ! ತೋಟದ ಅಗಳದ, ಅಂದರೆ ಗಡಿಯ ಕಂದಕದ, ವಿಷಯಕ್ಕೆ ಪಕ್ಕದ ತೋಟದವರ ಮೇಲೆ ದಾವೆ ಹಾಕಿ ಆರು ವರ್ಷ ಅಲೆದೆ. ಬೆಳಗಿನ ಏಳರ ಬಸ್ಸು. ಕೋರ್ಟಿನ ಜಗಲಿಯಲ್ಲಿ ಕೊಡೆ ಮಡಿಸಿ ಕೂರುವುದು. ಹೆಸರು ಕೂಗಿದರೆ ಒಳಗೆ ಹೋಗಿ ಕೈ ಮುಗಿಯುವುದು. ಮತ್ತೆ ವಾಯಿದೆ. ಒಂದು ಮಳೆಗಾಲ ಔಷಧಿ ಹೊಡೆಯುವ ಆಳು ಸಿಕ್ಕ ದಿನವೇ ವಾಯಿದೆ ಬಿತ್ತು. ಆ ವರ್ಷ ಅರ್ಧ ತೋಟ ಕೊಳೆರೋಗಕ್ಕೆ ಹೋಯಿತು. ಉದುರಿದ ಕಾಯಿ ಗುಡಿಸುವಾಗ ಹೆಂಡತಿ ನನ್ನ ಮುಖ ನೋಡಲಿಲ್ಲ.

ಕೊನೆಗೆ ಜಗಲಿಯಲ್ಲಿ ಸಿಕ್ಕ ಒಬ್ಬ ಹುಡುಗ ವಕೀಲರು ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಹಾಕಿಸಿ ಅಂದರು. ನಾವಿಬ್ಬರೂ ಎದುರುಬದುರು ಕೂತೆವು. ಅಗಳ ಇಬ್ಬರದ್ದೂ, ವರ್ಷ ವರ್ಷ ಇಬ್ಬರೂ ಸೇರಿ ಮಣ್ಣು ತೆಗೆಸುವುದು ಅಂತ ಬರೆದು ಸಹಿ ಹಾಕಿದೆವು. ಅರ್ಧ ಗಂಟೆ ಹಿಡಿಯಿತು, ಅಷ್ಟೆ. ಕಟ್ಟಿದ ಕೋರ್ಟ್ ಫೀ ವಾಪಸ್ ಬಂತು. ಅದಾಲತ್ ತೀರ್ಪಿನ ಮೇಲೆ ಅಪೀಲು ಇಲ್ಲ, ಹಾಗಾಗಿ ಮತ್ತೆ ಬಸ್ಸು ಹತ್ತುವ ಭಯವೂ ಇಲ್ಲ.

ನಮ್ಮೂರಿನ ಒಬ್ಬ ಅಕ್ಕ ಪಾಲಿನ ದಾವೆಗೆ ಬಳೆ ಅಡ ಇಟ್ಟಿದ್ದಾರೆ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಅವರಿಗೆ ಇದನ್ನು ಹೇಳುವವರೇ ಇರಲಿಲ್ಲ.

ತಾಲ್ಲೂಕು ಕೋರ್ಟಿನ ಬಾಗಿಲಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ, ಹಾಲಿನ ಡೈರಿ ಗೋಡೆಯ ಮೇಲೆ ದಪ್ಪ ಕನ್ನಡ ಅಕ್ಷರದ ಬೋರ್ಡು ಹಾಕಿಸಬೇಕು. ಯಾವ ಕೋರ್ಟಿನಲ್ಲಿ ಯಾವ ಕೇಸು, ಕಾನೂನು ಸೇವಾ ಸಮಿತಿ ಯಾವ ಕೋಣೆ, ಸಹಾಯವಾಣಿ 15100. ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಅದಾಲತ್ ತಾರೀಖನ್ನು ಅಡಿಕೆ ಧಾರಣೆ ಹಾಕುವ ಜಾಗದ ಪಕ್ಕದಲ್ಲೇ ಹಾಕಿ. ನಮ್ಮ ಕಡೆ ಬೇರೆ ಪುಟ ಬಿಟ್ಟರೂ ಅದನ್ನು ಓದದವರಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ